ಉಮ್ಮ ಎಂಬ ಕೂಗು

ಗೂಡಲೂರಿನ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಸುಮ್ಮನೆ ಕೂತರೆ ಸಾಕು, ಪದಗಳ ಹುಚ್ಚು ಹಿಡಿದ ನಮ್ಮಂಥವರಿಗೆ ಅಂದಿನ ಓದು ಮುಗಿದ ಹಾಗೆ. ಬಂಡೀಪುರ, ತೆಪ್ಪಕಾಡು ದಾಟಿ ಬಂದ ಮೈಸೂರು ಬಸ್ಸು, ನಾಡುಗಾಣಿಯ ಘಾಟಿ ಇಳಿದು ನಿಲಂಬೂರಿಗೆ ಹೋಗುವ ಬಸ್ಸು, ಸುಲ್ತಾನ್ ಬತ್ತೇರಿಯದು, ಊಟಿಗೆ ಏರುವುದು, ಇವೆಲ್ಲ ಒಂದೇ ಅಂಗಳದಲ್ಲಿ ನಿಂತು ಹೊಗೆ ಬಿಡುತ್ತಿರುವಾಗ ಕನ್ನಡ, ಮಲಯಾಳ, ತಮಿಳು, ಬಡಗ, ದಖ್ಖನಿ ಉರ್ದು ಒಂದರ ಮೈಗೆ ಒಂದು ಒರಸಿಕೊಂಡು ಓಡಾಡುತ್ತವೆ. ಒಂದು ಮಧ್ಯಾಹ್ನ ನಿಲಂಬೂರು ಬಸ್ಸಿನ ಮೆಟ್ಟಿಲ ಬಳಿ, ಬಾಳೆಕಾಯಿ ಚಿಪ್ಸಿನ ಪೊಟ್ಟಣವನ್ನು ಎದೆಗವಚಿಕೊಂಡ ನಾಲ್ಕು ವರ್ಷದ ಹುಡುಗನೊಬ್ಬ ಜನರ ಕಾಲುಗಳ ನಡುವೆ ತಾಯಿಯ ಕೈ ತಪ್ಪಿಸಿಕೊಂಡು ‘ಉಮ್ಮಾ’ ಎಂದು ಕೂಗಿದ. ಎರಡು ಹೆಜ್ಜೆ ಮುಂದಿದ್ದ ಹೆಂಗಸು ತಲೆಗೆ ಹೊದ್ದ ತಟ್ಟ ಜಾರುವುದನ್ನೂ ಲೆಕ್ಕಿಸದೆ ತಿರುಗಿ ಬಂದು ಅವನನ್ನು ಎತ್ತಿಕೊಂಡಳು. ಅತ್ತು ಒದ್ದೆಯಾದ ಕೆನ್ನೆ ಒರೆಸಿ, ತನ್ನ ಕೆನ್ನೆ ಮುಂದೊಡ್ಡಿ ‘ಒರು ಉಮ್ಮ ತಾ’ ಎಂದಳು. ಮೊದಲ ಉಮ್ಮ ತಾಯಿ, ಎರಡನೆಯ ಉಮ್ಮ ಮುತ್ತು. ಮಲಯಾಳದಲ್ಲಿ ಎರಡಕ್ಕೂ ಒಂದೇ ಉಲಿ. ನಮ್ಮ ಮನೆಗಳಲ್ಲೂ ತೊಟ್ಟಿಲ ಕೂಸಿಗೆ ‘ಉಮ್ಮ ಕೊಡು’ ಎನ್ನುತ್ತೇವಲ್ಲ, ಅದೇ. ತುಟಿ ಕೂಡಿಸದೆ ಮುತ್ತಿಡಲು ಬಾರದು, ತುಟಿ ಕೂಡಿಸದೆ ತಾಯಿಯನ್ನು ಕರೆಯಲೂ ಬಾರದು.

ಅದೇ ಬೆಂಚಿನ ತುದಿಯಲ್ಲಿ ಊಟಿಯ ಬಸ್ಸಿಗೆ ಕಾಯುತ್ತಿದ್ದ ಬಡಗ ಹುಡುಗಿಯೊಬ್ಬಳು ತನ್ನ ತಾಯಿಯನ್ನು ‘ಅವ್ವೆ’ ಎಂದು ಕರೆದಳು. ಈ ಅವ್ವೆಯ ಬೆನ್ನು ಹತ್ತಿದರೆ ಹಳಗನ್ನಡದ ಅಬ್ಬೆ ಸಿಗುತ್ತಾಳೆ. ಅಬ್ಬೆ, ಅವ್ವೆ, ಅವ್ವ, ತಮಿಳಿನ ಔವೈ, ಇವೆಲ್ಲ ಒಂದೇ ಬಳಗ. ಕಾಸರಗೋಡು, ಪುತ್ತೂರಿನ ಹವ್ಯಕರ ಮನೆಗಳಲ್ಲಿ ಇಂದಿಗೂ ತಾಯಿ ಅಬ್ಬೆಯೇ. ಆಶ್ಚರ್ಯಕ್ಕೋ ನೋವಿಗೋ ನಮ್ಮ ಬಾಯಿಂದ ಹೊರಡುವ ‘ಅಬ್ಬಾ’ ಕೂಡ ಮೂಲದಲ್ಲಿ ಆ ಅಬ್ಬೆಯನ್ನೇ ಕರೆದ ಕೂಗಿರಬೇಕು ಎಂದು ನನಗೆ ಅನ್ನಿಸುತ್ತದೆ. ಮುಳ್ಳು ಚುಚ್ಚಿದರೆ ನಾವು ಕರೆಯುವುದು ಮತ್ತಾರನ್ನು? ಸೋಜಿಗವೆಂದರೆ ಸೆಮಿಟಿಕ್ ಭಾಷೆಗಳಲ್ಲಿ ಇದೇ ಸದ್ದು ತಂದೆಯ ಪಾಲಿಗೆ ಹೋಗಿದೆ: ಅರಬಿಯಲ್ಲಿ ಅಬ್, ಅರಮಾಯಿಕ್‌ನಲ್ಲಿ ಅಬ್ಬಾ. ಹಾಗಾಗಿ ಒಂದೇ ಬೀದಿಯಲ್ಲಿ ಹವ್ಯಕರ ಮಗು ‘ಅಬ್ಬೇ’ ಎಂದರೆ ಅಡುಗೆಮನೆಯಿಂದ ಹೆಂಗಸೂ, ದಖ್ಖನಿ ಆಡುವ ಮನೆಯ ಮಗು ‘ಅಬ್ಬಾ’ ಎಂದರೆ ಜಗಲಿಯಿಂದ ಗಂಡಸೂ ಓಗೊಡುತ್ತಾರೆ. ಪಾಣಿನಿಯಂಥ ಪಾಣಿನಿಯೂ ತಾಯಿ ಎಂಬ ಅರ್ಥದ ಅಂಬಾ, ಅಕ್ಕಾ ಮೊದಲಾದ ಶಬ್ದಗಳಿಗೆ ಸಂಬೋಧನೆಯಲ್ಲಿ ಕೊನೆಯ ಸ್ವರ ಹ್ರಸ್ವವಾಗುತ್ತದೆಂದು ಪ್ರತ್ಯೇಕ ಸೂತ್ರವನ್ನೇ ಮಾಡಬೇಕಾಯಿತು. ತಾಯಿಯನ್ನು ಕರೆಯುವ ಆತುರದಲ್ಲಿ ದೀರ್ಘಕ್ಕೆ ಸಮಯವೆಲ್ಲಿ!

ಉಮ್ಮದ ಹುಟ್ಟೂರಿಗೆ ಹೋಗೋಣ. ಮೆಸೊಪೊಟೇಮಿಯದ ಜೇಡಿಮಣ್ಣಿನ ಹಲಗೆಗಳಲ್ಲಿ ಅಕ್ಕಾಡಿಯನ್ನರು ತಾಯಿಯನ್ನು ‘ಉಮ್ಮು’ ಎಂದು ಬರೆದಿದ್ದಾರೆ. ಹೀಬ್ರೂವಿನಲ್ಲಿ ಅದು ‘ಏಮ್’, ಅರಮಾಯಿಕ್‌ನಲ್ಲಿ ‘ಎಮ್ಮಾ’, ಅರಬಿಯಲ್ಲಿ ‘ಉಮ್ಮ್’. ಕನ್ನಡದ ಮುಸ್ಲಿಂ ಬರಹಗಳಲ್ಲಿ ಉಮ್ಮು ಸಲಮಾ, ಉಮ್ಮು ಐಮನ್ ಎಂದು ಓದುವಾಗ ಕಾಣುವ ಆ ‘ಉ’ಕಾರ ಅರಬಿಯ ಪ್ರಥಮಾ ವಿಭಕ್ತಿಯ ಪ್ರತ್ಯಯ, ಕನ್ನಡದ ಕಿವಿಗೆ ‘ಉ’ ಮನೆಯ ಸ್ವರವಾದ್ದರಿಂದ ಅದು ಪದದ ಅಂಗವೇ ಆಗಿ ಕೂತಿದೆ. ಬಹುವಚನದಲ್ಲಿ ಎಲ್ಲಿಂದಲೋ ಒಂದು ಹಕಾರ ಬಂದು ‘ಉಮ್ಮಹಾತ್’ ಆಗುತ್ತದೆ. ಹಕಾರವಿಲ್ಲದ ‘ಉಮ್ಮಾತ್’ ಪ್ರಾಣಿಗಳ ತಾಯಂದಿರಿಗೆ ಮೀಸಲು ಎಂದು ಅರಬಿ ನಿಘಂಟುಕಾರರು ಭೇದ ಮಾಡುತ್ತಾರೆ.

ನಾವು ತಾಯಿಬೇರು, ತಾಯ್ನುಡಿ, ತಾಯ್ನೆಲ ಎಂದಂತೆ ಅರಬರೂ ತಾಯಿಯನ್ನು ಎಲ್ಲೆಡೆ ಕೂಡಿಸಿದರು. ಮಕ್ಕಾ ‘ಉಮ್ಮುಲ್ ಕುರಾ’, ಊರುಗಳ ತಾಯಿ. ಗ್ರಂಥದ ಮೂಲ ‘ಉಮ್ಮುಲ್ ಕಿತಾಬ್’. ಕಡೆಗೆ ನಮ್ಮ ಜರಿಹುಳು ಕೂಡ ಅವರಿಗೆ ‘ನಲವತ್ತನಾಲ್ಕರ ತಾಯಿ’.

ಆದರೆ ಈ ಪದ ನಿಜವಾಗಿ ಬದುಕಿದ್ದು ಹೆಂಗಸರ ಹೆಸರುಗಳಲ್ಲಿ. ಮಗುವಿನ ಹೆಸರಿಗೆ ‘ಅಬೂ’ ಅಥವಾ ‘ಉಮ್ಮು’ ಸೇರಿಸಿ ಹೆತ್ತವರನ್ನು ಕರೆಯುವ ಪದ್ಧತಿಗೆ ಅರಬಿಯಲ್ಲಿ ‘ಕುನ್ಯಾ’ ಎನ್ನುತ್ತಾರೆ. ಗಂಡನ ಹೆಸರು ಹೇಳದ ನಮ್ಮ ಹಳ್ಳಿಯ ಹೆಂಗಸು ‘ನಮ್ಮ ಮಾದನ ಅಪ್ಪ’ ಎನ್ನುವುದಿಲ್ಲವೆ, ಅದರ ನಂಟೇ ಇದು. ನಮ್ಮಲ್ಲಿ ಅದು ಹೆಸರನ್ನು ಮರೆಸುವ ಉಪಾಯ, ಅಲ್ಲಿ ಹೆಸರಿಗಿಂತ ಒಂದು ಮೆಟ್ಟಿಲು ಮೇಲಿನ ಗೌರವ. ಇಸ್ಲಾಮಿನ ಮೊದಲ ತಲೆಮಾರಿನ ಹೆಂಗಸರನ್ನು ನೆನೆದರೆ ಉಹುದ್ ಕಾಳಗದಲ್ಲಿ ಕತ್ತಿ ಹಿಡಿದು ನಿಂತ ಉಮ್ಮು ಉಮಾರಾ, ಅಬೂ ತಲ್ಹಾ ಮದುವೆಯಾಗಲು ಬಂದಾಗ ಆತ ಇಸ್ಲಾಂ ಸ್ವೀಕರಿಸುವುದನ್ನೇ ತನ್ನ ಮಹರ್ (ವಧುದಕ್ಷಿಣೆ) ಆಗಿ ಕೇಳಿದ ಉಮ್ಮು ಸುಲೈಮ್, ಪ್ರವಾದಿ ಮುಹಮ್ಮದರಿಗೆ ವಲಸೆಯ ದಾರಿಯಲ್ಲಿ ಬಡಕಲು ಆಡಿನ ಹಾಲು ಕೊಟ್ಟ ಗುಡಾರದೊಡತಿ ಉಮ್ಮು ಮಅಬದ್, ಹೀಗೆ ಸಾಲುಸಾಲಾಗಿ ಉಮ್ಮುಗಳೇ ಎದುರಾಗುತ್ತಾರೆ. ಇವರಲ್ಲಿ ಅನೇಕರ ಹುಟ್ಟುಹೆಸರನ್ನು ನಾವು ಹುಡುಕಿ ತೆಗೆಯಬೇಕು.

ಇವರಲ್ಲಿ ಉಮ್ಮು ಸಲಮಾ ಅವರ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಹುಟ್ಟುಹೆಸರು ಹಿಂದ್; ಮಗ ಸಲಮಾನಿಂದ ಉಮ್ಮು ಸಲಮಾ, ಗಂಡ ಅಬೂ ಸಲಮಾ. ಮೂವರೂ ಒಂದು ಒಂಟೆಯ ಮೇಲೆ ಮದೀನಾಕ್ಕೆ ಹೊರಟಾಗ ಆಕೆಯ ತವರಿನವರು ಬಂದು ಮಗಳನ್ನು ತಡೆದರು. ಗಂಡನ ಕಡೆಯವರು, ಹಾಗಾದರೆ ಕೂಸು ನಮ್ಮ ಕುಲದ್ದು ಎಂದು ಸಲಮಾನನ್ನು ಎಳೆದುಕೊಂಡರು. ಎರಡು ಕಡೆಯ ಎಳೆದಾಟದಲ್ಲಿ ಮಗುವಿನ ಕೈ ಕೀಲು ತಪ್ಪಿತಂತೆ. ಗಂಡ ಒಂದು ಊರಲ್ಲಿ, ಮಗು ಒಂದು ಮನೆಯಲ್ಲಿ, ತಾನು ಮತ್ತೊಂದರಲ್ಲಿ. ಸುಮಾರು ಒಂದು ವರ್ಷ ಆಕೆ ದಿನಾ ಬೆಳಿಗ್ಗೆ ಅಬ್ತಹ್ ಎಂಬ ಬಯಲಿಗೆ ಹೋಗಿ ಸಂಜೆಯವರೆಗೆ ಕೂತು ಅತ್ತರೆಂದು ಸಂಪ್ರದಾಯ ಹೇಳುತ್ತದೆ. ಕಡೆಗೆ ನೆಂಟನೊಬ್ಬನ ಮನ ಕರಗಿ, ಕೂಸು ಕೈಗೆ ಬಂದು, ಆಕೆ ಒಬ್ಬರೇ ಒಂಟೆ ಹತ್ತಿ ಹೊರಟರು. ಆ ಒಂದು ವರ್ಷ ಊರಿನ ಜನ ಆಕೆಯನ್ನು ‘ಸಲಮಾನ ತಾಯಿ’ ಎಂದೇ ಕರೆಯುತ್ತಿದ್ದರಲ್ಲ, ಸಲಮಾನನ್ನು ಕಿತ್ತುಕೊಂಡವರೂ ಕೂಡ! ಕರೆದ ಪ್ರತಿ ಸಲವೂ ಆ ಹೆಸರು ಎಷ್ಟು ಇರಿದಿರಬೇಕು ಎಂದು ನೆನೆದರೆ ಕುನ್ಯಾ ಎಂಬುದು ವ್ಯಾಕರಣದ ಪಾಠವಾಗಿ ಉಳಿಯುವುದಿಲ್ಲ. ಅಬೂ ಸಲಮಾ ಉಹುದ್‌ನ ಗಾಯ ಮರುಕಳಿಸಿ ತೀರಿಕೊಂಡ ಮೇಲೆ ಆಕೆ ಪ್ರವಾದಿಯವರ ಪತ್ನಿಯಾದರು. 628ರಲ್ಲಿ ಹುದೈಬಿಯಾದ ಒಪ್ಪಂದದಿಂದ ಅನುಯಾಯಿಗಳು ಮುನಿದು, ಹೇಳಿದ ಮಾತಿಗೂ ಅಲುಗದೆ ಕುಳಿತಾಗ, ಯಾರೊಡನೆಯೂ ಮಾತಾಡದೆ ಹೊರಗೆ ಹೋಗಿ ನಿಮ್ಮ ಬಲಿಯನ್ನು ನೀವು ಕೊಟ್ಟು ತಲೆ ಬೋಳಿಸಿಕೊಳ್ಳಿ ಎಂದು ಪ್ರವಾದಿಯವರಿಗೆ ದಾರಿ ತೋರಿದವರು ಈಕೆಯೇ. ಅವರು ಹಾಗೇ ಮಾಡಿದರು, ಜನ ಎದ್ದು ಹಿಂಬಾಲಿಸಿದರು.

ಮಕ್ಕಳಿಲ್ಲದವರ ಗತಿ? ಪ್ರವಾದಿಯವರ ಪತ್ನಿ ಆಯಿಶಾ ಅವರಿಗೆ ಮಕ್ಕಳಾಗಲಿಲ್ಲ. ಗೆಳತಿಯರೆಲ್ಲ ಉಮ್ಮುಗಳಾಗಿರುವಾಗ ತನಗೊಂದು ಕುನ್ಯಾ ಇಲ್ಲವೆಂದು ಅವರು ಹೇಳಿಕೊಂಡಾಗ, ಅಕ್ಕ ಅಸ್ಮಾ ಅವರ ಮಗ ಅಬ್ದುಲ್ಲಾನ ಹೆಸರಿನಿಂದ ‘ಉಮ್ಮು ಅಬ್ದಿಲ್ಲಾಹ್’ ಎಂದು ಕರೆಸಿಕೊಳ್ಳಲು ಪ್ರವಾದಿಯವರು ಹೇಳಿದರಂತೆ. ಅಕ್ಕನ ಮಗನಿಗೆ ಚಿಕ್ಕಮ್ಮನೂ ಅಮ್ಮನೇ. ದೊಡ್ಡಮ್ಮ, ಚಿಕ್ಕಮ್ಮ ಎಂಬ ಮಾತುಗಳೊಳಗೇ ಅಮ್ಮನನ್ನು ಇಟ್ಟುಕೊಂಡಿರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಇನ್ನೂ ಚೆಲುವಾದದ್ದು ಪ್ರವಾದಿಯವರ ಮಗಳು ಫಾತಿಮಾ ಅವರಿಗಿರುವ ‘ಉಮ್ಮು ಅಬೀಹಾ’ ಎಂಬ ಬಿರುದು: ತನ್ನ ತಂದೆಯ ತಾಯಿ. ತಾಯಿ ಖದೀಜಾ 619ರಲ್ಲಿ ತೀರಿಕೊಂಡ ಮೇಲೆ ತಂದೆಯ ಆರೈಕೆಗೆ ನಿಂತ ಮಗಳು. ಇದಕ್ಕೆ ವ್ಯಾಖ್ಯಾನಕಾರರು ಬಗೆಬಗೆಯ ಅರ್ಥ ಹೇಳುತ್ತಾರೆ. ಗುಂಡ್ಲುಪೇಟೆಯ ರೈತನೊಬ್ಬ ಮೂರು ವರ್ಷದ ಮಗಳನ್ನು ‘ಬಾರವ್ವ, ನನ್ನ ತಾಯಿ’ ಎಂದು ಕರೆಯುವುದನ್ನು ಕೇಳಿದ ನಮಗೆ ಅಷ್ಟು ವ್ಯಾಖ್ಯಾನ ಬೇಕೆ?

ಹೆರದೆಯೂ ಉಮ್ಮ ಆಗುವ ಇನ್ನೊಂದು ದಾರಿ ಹಾಲಿನದು. ಮಕ್ಕಾದ ಕೂಸುಗಳನ್ನು ಮರುಭೂಮಿಯ ಬುಡಕಟ್ಟುಗಳಿಗೆ ಹಾಲುಣ್ಣಲು ಕಳಿಸುವ ರೂಢಿಯಂತೆ ಮುಹಮ್ಮದರು ಬನೂ ಸಅದ್ ಕುಲದ ಹಲೀಮಾ ಅವರ ಮಡಿಲಲ್ಲಿ ಬೆಳೆದರು. ಹಾಲೂಡಿದವಳೂ ತಾಯಿಯೆಂದು ಕುರ್‌ಆನ್ ನಾಲ್ಕನೆಯ ಅಧ್ಯಾಯದಲ್ಲಿ ಎಣಿಸುತ್ತದೆ. ಆಕೆಯ ಮಕ್ಕಳು ಒಡಹುಟ್ಟು, ಮದುವೆ ನಿಷಿದ್ಧ. ಕನ್ನಡ ಸಾಕುತಾಯಿಯನ್ನು ಬಲ್ಲದು, ಸಂಸ್ಕೃತದ ಧಾತ್ರಿಯಿಂದ ಬಂದ ದಾದಿಯನ್ನು ಬಲ್ಲದು, ಹಾಲು ಕುಡಿದ ಋಣವನ್ನೂ ಬಲ್ಲದು. ಆದರೆ ಹಾಲಿನಿಂದ ಹುಟ್ಟುವ ಇಷ್ಟು ಗಟ್ಟಿ ನಂಟಿಗೆ ನಮ್ಮಲ್ಲಿ ರೂಢಿಯ ಪದವಿಲ್ಲ. ಆರು ವರ್ಷದ ಮುಹಮ್ಮದರ ಕಣ್ಣೆದುರೇ, ಅಬ್ವಾ ಎಂಬಲ್ಲಿ, ಹೆತ್ತ ತಾಯಿ ಆಮಿನಾ ತೀರಿಕೊಂಡರು. ಮಗುವನ್ನು ಮಕ್ಕಾಕ್ಕೆ ಮರಳಿ ಕರೆತಂದವರು ಬರಕಾ ಎಂಬ ಹಬಶಿ ದಾಸಿ. ಮುಂದೆ ಆಕೆಗೆ ಐಮನ್ ಎಂಬ ಮಗ ಹುಟ್ಟಿ ಉಮ್ಮು ಐಮನ್ ಆದರು. ತಾಯಿಯ ನಂತರ ತನಗೆ ತಾಯಿಯಾದವರು ಈಕೆ ಎಂದು ಪ್ರವಾದಿಯವರು ಹೇಳುತ್ತಿದ್ದರಂತೆ.

ಹೀಗೆ ಹೆರಿಗೆ, ಹಾಲು, ಸಾಕಣೆ, ಗೌರವ ಎಲ್ಲಕ್ಕೂ ಹಿಗ್ಗುತ್ತ ಹೋದ ಈ ಪದವನ್ನು ಒಂದು ಕಡೆ ಮಾತ್ರ ಹಿಗ್ಗಲು ಬಿಡಲಿಲ್ಲ. ಅಲ್ಲಿಗೆ ಬರಲೆಂದೇ ನಾನು ಇಷ್ಟು ಸುತ್ತಿದ್ದು. ಇಸ್ಲಾಮಿಗೆ ಮುಂಚಿನ ಅರೇಬಿಯಾದಲ್ಲಿ ಸಿಟ್ಟಿಗೆದ್ದ ಗಂಡ ಹೆಂಡತಿಯನ್ನು ತನ್ನ ತಾಯಿಯ ಬೆನ್ನಿಗೆ ಹೋಲಿಸಿ ಒಂದು ಮಾತು ಆಡಿಬಿಟ್ಟರೆ ದಾಂಪತ್ಯ ಅಲ್ಲಿಗೆ ಮುಗಿದಂತೆ. ‘ಜಹ್ರ್’ ಎಂದರೆ ಬೆನ್ನು, ಅದರಿಂದ ಇದು ‘ಜಿಹಾರ್’. ತಾಯಿಯಾದ ಮೇಲೆ ಆಕೆ ಹೆಂಡತಿಯಲ್ಲ. ವಿಚ್ಛೇದನ ಪಡೆದವಳೂ ಅಲ್ಲ, ಹಾಗಾಗಿ ಬೇರೊಂದು ಮನೆ ಸೇರುವಂತಿಲ್ಲ. ಕಂಡರಿಯದ ಹೆಂಗಸನ್ನು ‘ತಾಯೀ’ ಎಂದು ಕರೆದು ದಾರಿ ಕೇಳುವ ನಮ್ಮ ನಾಡಿನಲ್ಲಿ ಆ ಪದಕ್ಕಿಂತ ದೊಡ್ಡ ಮರ್ಯಾದೆಯಿಲ್ಲ. ಅದೇ ಪದವನ್ನು ಹೆಂಡತಿಯ ಮೇಲೆ ಹೊರಿಸಿದರೆ ಅವಳ ಬದುಕಿಗೆ ಬೀಗ ಬೀಳುತ್ತದೆ.

ಮದೀನಾದ ಔಸ್ ಇಬ್ನ್ ಸಾಮಿತ್ ಎಂಬವರು ಒಂದು ದಿನ ಹೆಂಡತಿ ಖೌಲಾ ಬಿಂತ್ ಸಅಲಬಾ ಅವರಿಗೆ ಆ ಮಾತು ಆಡಿದರು. ಯೌವನ ಕಳೆದು, ಆತನ ಮಕ್ಕಳನ್ನು ಹೆತ್ತು ಸಾಕಿದ ಹೆಂಗಸು. ಆಕೆ ಸುಮ್ಮನಾಗಲಿಲ್ಲ, ಪ್ರವಾದಿಯವರ ಬಳಿ ಹೋಗಿ ವಾದಿಸಿದರು, ರೂಢಿಯಂತೆ ಉತ್ತರ ಬಂದಾಗ ಮತ್ತೆ ವಾದಿಸಿದರು, ದೇವರಲ್ಲಿ ದೂರಿಟ್ಟರು. ಕುರ್‌ಆನಿನ 58ನೆಯ ಅಧ್ಯಾಯ ಆ ದೂರು ಕೇಳಿಸಿತೆಂಬಲ್ಲಿಂದಲೇ ಆರಂಭವಾಗುತ್ತದೆ. ಅದರ ಹೆಸರೇ ‘ಅಲ್ ಮುಜಾದಲಾ’, ವಾದಿಸಿದವಳ ನೆನಪಿನದು. ಅಲ್ಲಿ ಬಂದ ತೀರ್ಮಾನ ನಮ್ಮಂಥ ಪದಪ್ರಿಯರಿಗೆ ಮೈ ಜುಮ್ಮೆನಿಸುವಂಥದು: ಬಾಯಿಮಾತಿನಿಂದ ಯಾರೂ ತಾಯಿಯಾಗುವುದಿಲ್ಲ, ಹೆತ್ತವರೇ ತಾಯಂದಿರು ಎಂದು ಪದದ ಅರ್ಥವನ್ನೇ ಎಳೆದು ಹಳೆಯ ಗೂಟಕ್ಕೆ ಕಟ್ಟಿದೆ. ಆಡಿದ ಗಂಡಸು ಹೆಂಡತಿಯ ಬಳಿಗೆ ಮರಳುವ ಮುನ್ನ ಗುಲಾಮನೊಬ್ಬನನ್ನು ಬಿಡುಗಡೆ ಮಾಡಬೇಕು, ಆಗದಿದ್ದರೆ ಸತತ ಎರಡು ತಿಂಗಳು ಉಪವಾಸ, ಅದೂ ಆಗದಿದ್ದರೆ 60 ಮಂದಿ ಬಡವರಿಗೆ ಊಟ. ಔಸ್‌ಗೆ ಮೂರೂ ಆಗದು ಎಂದು ಖೌಲಾ ಅವರೇ ಹೇಳಿದರಂತೆ. ಪ್ರವಾದಿಯವರು ಒಂದು ಬುಟ್ಟಿ ಖರ್ಜೂರ ಕೊಡುತ್ತೇನೆಂದಾಗ ಇನ್ನೊಂದು ಬುಟ್ಟಿ ತನ್ನದಿರಲಿ ಎಂದರಂತೆ.

ಬೇರೆ ಪದಗಳ ಅರ್ಥ ಕಾಲ ಸವೆದಂತೆ ಸವೆಯುತ್ತದೆ, ಯಾರ ಗಮನಕ್ಕೂ ಬಾರದೆ. ಇಲ್ಲಿ ಒಬ್ಬ ಹೆಂಗಸು ಎದ್ದು ನಿಂತು ಒಂದು ಪದದ ದುರ್ಬಳಕೆಯ ವಿರುದ್ಧ ವ್ಯಾಜ್ಯ ಹೂಡಿ ಗೆದ್ದಿದ್ದಾಳೆ. ಶಬ್ದಾರ್ಥದ ಚರಿತ್ರೆಯಲ್ಲಿ ಇಂಥ ಘಟನೆ ಅಪರೂಪ.

‘ಹೆತ್ತವಳು’ ಎಂದಾಗ ನೀಲಗಿರಿಯಲ್ಲಿ ಕಿವಿ ತಾನಾಗಿ ‘ಹೆತ್ತೆ’ಯ ಕಡೆ ತಿರುಗುತ್ತದೆ. ಬಡಗರಿಗೆ ಹೆತ್ತೆ ಎಂದರೆ ಅಜ್ಜಿ, ಕುಲದ ಮೂಲತಾಯಿ, ದೇವತೆ. ಕೋತಗಿರಿಯ ಕಡೆಯ ಬೇರಗಣಿಯಲ್ಲಿ ನಡೆಯುವ ಹೆತ್ತೆ ಹಬ್ಬಕ್ಕೆ ಬೆಟ್ಟದ ಹಟ್ಟಿಗಳಿಂದ ಬಿಳಿಯುಟ್ಟ ಜನ ನಡೆದು ಬರುತ್ತಾರೆ. ಪಕಾರವನ್ನು ಹಕಾರ ಮಾಡಿಕೊಂಡು ಹಾಲು, ಹಬ್ಬ, ಹೆತ್ತ ಎನ್ನುವುದರಲ್ಲಿ ಬಡಗವೂ ಕನ್ನಡವೂ ಒಂದೇ ಹಾದಿ. ಹೆತ್ತೆಯ ಹೆಸರಿನಲ್ಲಿ ನನಗಂತೂ ಹೆರುವ ಧಾತುವೇ ಕೇಳಿಸುತ್ತದೆ.

ಹೆತ್ತವಳೇ ತಾಯಿ ಎಂದ ಗ್ರಂಥವೇ 33ನೆಯ ಅಧ್ಯಾಯದಲ್ಲಿ ಪ್ರವಾದಿಯವರ ಪತ್ನಿಯರನ್ನು ವಿಶ್ವಾಸಿಗಳ ತಾಯಂದಿರು, ‘ಉಮ್ಮಹಾತುಲ್ ಮುಅಮಿನೀನ್’, ಎಂದು ಕರೆಯಿತು. ಇದು ವಿರೋಧವಲ್ಲ, ಬೇರೆ ಪದರ. ಪ್ರವಾದಿಯವರ ನಂತರ ಅವರನ್ನು ಯಾರೂ ಮದುವೆಯಾಗುವಂತಿಲ್ಲ ಎಂಬ ವಿಧಿ ಆ ಗೌರವಕ್ಕೆ ಅಂಟಿಕೊಂಡಿತ್ತು. ಹೆಂಗಸೊಬ್ಬಳು ಆಯಿಶಾ ಅವರನ್ನು ತಾಯೀ ಎಂದು ಕರೆದಾಗ, ತಾನು ನಿಮ್ಮ ಗಂಡಸರಿಗೆ ತಾಯಿ, ಹೆಂಗಸರಿಗಲ್ಲ ಎಂದು ಅವರು ತಿದ್ದಿದ ವರದಿಯಿದೆ. ಮದುವೆಯ ನಿಷೇಧವೇ ಪದದ ತಿರುಳಾದರೆ ಅದು ಗಂಡಸರಿಗಷ್ಟೇ ತಾನೆ ಅನ್ವಯಿಸುವುದು! ಶಾಸ್ತ್ರಜ್ಞೆಯ ಮಾತು. ಉಮ್ಮು ಸಲಮಾ ಅವರಾದರೋ ತಾನು ಗಂಡಸರಿಗೂ ಹೆಂಗಸರಿಗೂ ತಾಯಿ ಎಂದರಂತೆ. ಅಬ್ತಹ್ ಬಯಲಿನಲ್ಲಿ ವರ್ಷವಿಡೀ ಅತ್ತವರು ಆ ಪದವನ್ನು ಇಷ್ಟು ಅಗಲವಾಗಿ ಹಿಡಿದದ್ದರಲ್ಲಿ ನನಗೆ ಅಚ್ಚರಿಯಿಲ್ಲ. ಇಬ್ಬರಲ್ಲಿ ಆರಿಸು ಎಂದರೆ ನನ್ನ ಮನಸ್ಸು ಅವರ ಕಡೆಗೇ.

ಸಮುದಾಯ ಎಂಬರ್ಥದ ‘ಉಮ್ಮತ್’ ಅನ್ನೂ, ಓದುಬರಹ ಕಲಿಯದ, ತಾಯಿ ಹೆತ್ತಂತೆಯೇ ಇರುವ ಎಂದು ಹಲವರು ಬಿಡಿಸುವ ‘ಉಮ್ಮೀ’ ಅನ್ನೂ ನಿಘಂಟುಕಾರರು ಇದೇ ಬೇರಿನಡಿ ಇಟ್ಟಿದ್ದಾರೆ. ಅವೆರಡಕ್ಕೂ ಬೇರೆಯದೇ ದೊಡ್ಡ ಕಥೆಯಿದೆ, ಇನ್ನೊಮ್ಮೆ ಕೂತು ಬಿಡಿಸೋಣ.

ಕಡಲು ದಾಟಿ ಮಲಬಾರಿಗೆ ಬಂದ ಅರಬ್ ವರ್ತಕರು ಇಲ್ಲಿ ಮನೆ ಕಟ್ಟಿದರು. ಅವರ ಸಂತತಿಯೆನ್ನಿಸಿಕೊಂಡ ಸಮುದಾಯಕ್ಕೆ ಬಂದ ಮಾಪ್ಪಿಳ ಎಂಬ ಹೆಸರು, ಅಳಿಯ, ಮದುಮಗ ಎಂಬರ್ಥದ ತಮಿಳಿನ ಮಾಪ್ಪಿಳ್ಳೈಯ ನಂಟಿನದೆಂದು ಹಲವರ ಮತ. ನನಗೂ ಅದೇ ಸರಿಯೆನಿಸುತ್ತದೆ: ಊರಿಗೆ ಅಳಿಯನಾಗಿ ಬಂದವನು. ಹಾಗಾದರೆ ಮನೆಯೊಳಗಿನ ಚಿತ್ರ ನೋಡಿ: ತಂದೆಯ ನುಡಿಯಲ್ಲಿ ತಾಯಿ ‘ಉಮ್ಮ್’, ತಾಯಿಯ ನುಡಿಯಲ್ಲಿ ‘ಅಮ್ಮ’. ಮಗು ಇಬ್ಬರನ್ನೂ ನೋಯಿಸದೆ ತಲೆಗೆ ಅರಬಿಯ ಉಕಾರ, ಬಾಲಕ್ಕೆ ದ್ರಾವಿಡದ ಅಕಾರ ಇಟ್ಟು ‘ಉಮ್ಮ’ ಎಂದಿತು. ಉಮ್ಮನಿಗೆ ಜೊತೆಯಾಗಿ ‘ಉಪ್ಪ’ ಬಂದ, ಅಜ್ಜಿ ‘ವಲ್ಲ್ಯುಮ್ಮ’ ಆದಳು, ‘ಉಮ್ಮಾಮ’ ಆದಳು, ಮುದ್ದಿಗೆ ‘ಉಮ್ಮಚ್ಚಿ’ ಹುಟ್ಟಿತು. ದಕ್ಷಿಣ ಕನ್ನಡದ ಬ್ಯಾರಿಗಳಲ್ಲೂ ತಾಯಿ ಉಮ್ಮನೇ. ಬೊಳುವಾರು ಮಹಮದ್ ಕುಂಞಿ ‘ಉಮ್ಮಾ’ ಎಂದು ಕಾದಂಬರಿಗೆ ಹೆಸರಿಟ್ಟಾಗ ಕನ್ನಡದ ಓದುಗರಾರೂ ಅಡಿಟಿಪ್ಪಣಿ ಕೇಳಲಿಲ್ಲ.

ಇಲ್ಲಿಯ ಹೆಣ್ಣುಹೆಸರುಗಳಲ್ಲಿ ಉಮ್ಮ ಮೊದಲಿನಿಂದ ಕೊನೆಗೆ ಸರಿದದ್ದು ನನಗೆ ಬಹಳ ಪ್ರಿಯವಾದ ಬದಲಾವಣೆ. ಅರಬಿಯಲ್ಲಿ ಉಮ್ಮು ಸಲಮಾ, ಉಮ್ಮು ಐಮನ್. ನಾಡುಗಾಣಿ ಘಾಟಿಯ ಮೇಲೂ ಕೆಳಗೂ ಪಾತ್ತುಮ್ಮ, ಆಯಿಶುಮ್ಮ, ಕದೀಜುಮ್ಮ, ಬೀಯುಮ್ಮ. ಅಲ್ಲಿ ಮಗುವಿನ ಹೆಸರು ಬೇಕಿತ್ತು. ಇಲ್ಲಿ ಹೆಣ್ಣಿನ ಸ್ವಂತ ಹೆಸರಿಗೇ ತಾಯ್ತನದ ಗೌರವ ಅಂಟಿಕೊಂಡಿದೆ. ಇದು ಅರಬಿಯ ಪದ ದ್ರಾವಿಡದ ಚಾಳಿ ಕಲಿತದ್ದು. ರನ್ನನಿಗೆ ಆಶ್ರಯವಿತ್ತು 1007ರಲ್ಲಿ ಲಕ್ಕುಂಡಿಯ ಬಸದಿ ಕಟ್ಟಿಸಿದ ಅತ್ತಿಮಬ್ಬೆ, 10ನೆಯ ಶತಮಾನದಲ್ಲಿ ನಾಗರಖಂಡ 70 ಎಂಬ ನಾಡನ್ನು ಆಳಿದ ಜಕ್ಕಿಯಬ್ಬೆ, ಗಂಡನೊಡನೆ ಕಾಳಗಕ್ಕಿಳಿದ ಸಾವಿಯಬ್ಬೆ, ಇವರ ಹೆಸರಿನ ಕೊನೆಯ ಅಬ್ಬೆ ಮಾಡುವ ಕೆಲಸವನ್ನೇ ಪಾತ್ತುಮ್ಮನ ಉಮ್ಮ ಮಾಡುತ್ತಾಳೆ. ನಾಗವ್ವ, ಲಕ್ಷ್ಮಮ್ಮರೂ ಅದೇ ಸಾಲಿನವರು.

ಅಬ್ಬೆ ನಮ್ಮ ಹೆಸರುಗಳಿಂದ ಯಾವತ್ತೋ ಉದುರಿಹೋದಳು. ಪಾತ್ತುಮ್ಮನ ಮೊಮ್ಮಗಳು ಶಾಲೆಯ ದಾಖಲೆಯಲ್ಲಿ ಅಚ್ಚ ಅರಬಿಯ ಫಾತಿಮಾ. ಹೆಸರಿನ ತುದಿಯ ಉಮ್ಮ ಈಗ ಅಜ್ಜಿಯಂದಿರ ಪಾಲಿಗಷ್ಟೇ ಉಳಿದಿದ್ದಾಳೆ. ಅಂದು ನಿಲ್ದಾಣದಲ್ಲಿ ಆ ಹುಡುಗನ ಜೊತೆಯಲ್ಲಿ ಒಬ್ಬ ಮುದುಕಿಯೂ ಇದ್ದರು, ಬಿಳಿ ಕಾಚಿಯುಟ್ಟು, ಕಿವಿಯ ಅಂಚಿನುದ್ದಕ್ಕೂ ಚಿನ್ನದ ಅಲಿಕ್ಕತ್ತಿನ ತೂತುಗಳು, ಆಭರಣವಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಆಕೆ ಮೆಟ್ಟಿಲು ಹತ್ತಲಾರದೆ ನಿಂತಾಗ ಕಂಡಕ್ಟರ್ ಕೈ ನೀಡಿ ‘ಕೇರು ಉಮ್ಮಾ’ ಎಂದ. ಹಿಂದಿನಿಂದ ಹೂವಿನ ಬುಟ್ಟಿ ಹೊತ್ತ ಮಸಿನಗುಡಿಯ ಕನ್ನಡದ ಹೆಂಗಸು ಆಕೆಯ ಸೊಂಟಕ್ಕೆ ಕೈಯಾಸರೆ ಕೊಟ್ಟು ‘ಮೆಲ್ಲಗೆ ಅವ್ವ, ಮೆಲ್ಲಗೆ’ ಎಂದಳು. ಮುದುಕಿ ಎರಡಕ್ಕೂ ಹೂಂಗುಟ್ಟಿ ಒಳಗೆ ಹೋಗಿ ಕಿಟಕಿಯ ಬದಿಗೆ ಕೂತರು.